ರಾತ್ರಿ ಡ್ಯೂಟಿ ಮುಗಿಸಿ ಬರುವವರ ಕೈಯಲ್ಲಿ ಒಂದು ಟಾರ್ಚು ಇರಲಿ

(ದುಬೈಯಲ್ಲಿ ನಡೆದ ಕಾರ್ಮಿಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ರಜೆಯ ದಿನ, ನಿದ್ದೆ ಬಿಟ್ಟು ಬಂದಿದ್ದೀರಿ. ಹೆಚ್ಚು ಹೊತ್ತು ಕೂರಿಸುವುದಿಲ್ಲ.

ವೇದಿಕೆಯವರು ನನ್ನನ್ನು ಯಾವಾಗಲೂ ಕರೆಯುವುದು ಲೆಕ್ಕದ ವಿಷಯಕ್ಕೆ. ಗ್ರಾಚ್ಯುಟಿ ಎಷ್ಟು ಬರ್ತದೆ, ಊರಿಗೆ ದುಡ್ಡು ಕಳಿಸುವಾಗ ರೇಟು ಹೇಗೆ ನೋಡಬೇಕು, ಓವರ್‌ಟೈಮ್ ಸರಿಯಾಗಿ ಸೇರಿದೆಯಾ ಅಂತ. ನಾನು ಬಿ.ಕಾಂ. ಓದಿ ಇಲ್ಲಿ ಅಕೌಂಟೆಂಟ್ ಆಗಿರುವವ. ಕರಾಟೆ, ಕುಸ್ತಿ ಒಂದೂ ಗೊತ್ತಿಲ್ಲ. ಆದರೂ ಈ ಸಲ ಟಾರ್ಚಿನ ಬಗ್ಗೆ ಮಾತಾಡ್ತೇನೆ ಅಂತ ನಾನೇ ಕೇಳಿಕೊಂಡೆ. ಅದಕ್ಕೂ ಕಾರಣ ಲೆಕ್ಕದ ಪುಸ್ತಕವೇ. ನಮ್ಮ ಆಫೀಸಿನಲ್ಲಿ ಸಂಬಳದ ಅಡ್ವಾನ್ಸ್ ಕೇಳಿ ಬರುವವರ ಹೆಸರು, ಕಾರಣ ಎಲ್ಲ ನಾನೇ ಬರೆದುಕೊಳ್ಳುವುದು. ಊರಲ್ಲಿ ಮದುವೆ, ಅಮ್ಮನ ಆಪರೇಷನ್, ಮನೆ ಕೆಲಸ ಅಂತ ಇರುವುದು ಮಾಮೂಲು. ಕಳೆದ ಚಳಿಗಾಲದಲ್ಲಿ ಮೂರು ಹೆಸರಿನ ಮುಂದೆ ಬೇರೆ ಥರದ ಕಾರಣ ಬಂತು. ಒಬ್ಬರು ಪೈಪಿಗೆ ಅಗೆದ ಗುಂಡಿಗೆ ಬಿದ್ದು ಕಾಲು ಉಳುಕಿಸಿಕೊಂಡದ್ದು. ಒಬ್ಬರಿಗೆ ಡೆಲಿವರಿ ಬೈಕು ತಾಗಿದ್ದು. ಮತ್ತೊಬ್ಬರ ಸಂಬಳವನ್ನೇ ಯಾರೋ ಕಿತ್ತುಕೊಂಡು ಹೋದದ್ದು. ಮೂರೂ ಆದದ್ದು ರಾತ್ರಿ, ಕ್ಯಾಂಪಿನ ಹತ್ತಿರ, ದೀಪ ಇಲ್ಲದ ಜಾಗದಲ್ಲಿ.

ಆ ಮೂರನೆಯವರ ವಿಷಯ ಸ್ವಲ್ಪ ಹೇಳ್ತೇನೆ. ಹೆಸರು ಬೇಡ. ರಾಯಚೂರು ಕಡೆಯ ಹುಡುಗ. ಎಟಿಎಂನಿಂದ 1,100 ದಿರ್ಹಂ ತೆಗೆದು, ರಸ್ತೆ ಸುತ್ತಿ ಬರುವ ಬದಲು ಹಿಂದಿನ ಮರಳು ಮೈದಾನದಲ್ಲಿ ಅಡ್ಡ ಹಾಯ್ದು ಬರ್ತಿದ್ದ. ದಾರಿ ಕಾಣ್ಲಿ ಅಂತ ಫೋನಿನ ಲೈಟ್ ಹಾಕಿಕೊಂಡಿದ್ದ. ಇಬ್ಬರು ಬಂದವರು ಮೊದಲು ಕಿತ್ತದ್ದು ಆ ಫೋನನ್ನೇ. ಫೋನು ಹೋದ ಕೂಡಲೇ ಬೆಳಕೂ ಹೋಯ್ತು, ಪೊಲೀಸರಿಗೆ ಕರೆ ಮಾಡುವ ದಾರಿಯೂ ಹೋಯ್ತು. ಆಮೇಲೆ ಪರ್ಸು ಹೋಯ್ತು. ಪರ್ಸಿನಲ್ಲಿ ಪತಾಕಾ ಇತ್ತು. ಅವನಿಗೆ ರೂಮಿನವರ ಒಬ್ಬರ ನಂಬರೂ ಬಾಯಿಗೆ ಬರ್ತಿರಲಿಲ್ಲ. ಪೆಟ್ಟು ಆಗಿರಲಿಲ್ಲ, ಅದು ಅವನ ಪುಣ್ಯ. ಆದ್ರೆ ಪೊಲೀಸರ ಹತ್ತಿರ ಹೋಗಲಿಕ್ಕೆ ಹೆದರಿ ಎರಡು ದಿನ ಸುಮ್ಮನೆ ಕೂತ.

ಈಗ ನಾನು ಹೇಳುವ ಮೊದಲನೇ ಮಾತು ಇದು: ಫೋನು ಟಾರ್ಚಲ್ಲ. ಅದರ ಬೆಳಕು ಸಾಮಾನ್ಯವಾಗಿ 50 ಲೂಮೆನ್ ಆಸುಪಾಸು. ಅದೂ ಎದುರಿಗೆ ನೇರ ಹೋಗುವುದಿಲ್ಲ, ಸುತ್ತ ಹರಡಿ ನಿಮ್ಮ ಕಾಲಿನ ಹತ್ತಿರ ಬೀಳ್ತದೆ. ಹತ್ತು ಮೀಟರ್ ಆಚೆ ನಿಂತವನು ನಿಮಗೆ ಕಾಣುವುದಿಲ್ಲ, ನೀವು ಮಾತ್ರ ಅವನಿಗೆ ಚೆನ್ನಾಗಿ ಕಾಣ್ತೀರಿ. ಜೊತೆಗೆ ಕೈಯಲ್ಲಿ ಒಳ್ಳೇ ಫೋನಿದೆ ಅಂತ ತೋರಿಸಿದ ಹಾಗೂ ಆಗ್ತದೆ. ಕೆಲಸ ಮುಗಿಯುವ ಹೊತ್ತಿಗೆ ಹೇಗೂ ಚಾರ್ಜು ಹತ್ತೋ ಹದಿನೈದೋ ಉಳಿದಿರ್ತದೆ. ಅದನ್ನೂ ಲೈಟಿಗೆ ಸುರಿದ್ರೆ ಕರೆ ಮಾಡುವಾಗ ಏನು ಮಾಡ್ತೀರಿ? ಫೋನು ಒಳಜೇಬಿನಲ್ಲಿರಲಿ, ಕೈಯಲ್ಲಿ ಟಾರ್ಚು.

ನಮ್ಮಲ್ಲಿ ಹಳ್ಳಿಯಿಂದ ಬಂದವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟು ರಾತ್ರಿ ಕೊಟ್ಟಾಗ ಅಪ್ಪನೋ ಅಜ್ಜನೋ ಬ್ಯಾಟ್ರಿ ಹಿಡಿಯದೆ ಗದ್ದೆಗೆ ಹೋಗ್ತಿರಲಿಲ್ಲ. ಹಾವಿಗೆ ಹೊಡೀಲಿಕ್ಕೆ ಅಂತ ಅಲ್ಲ, ತುಳಿಯದೆ ದಾಟಲಿಕ್ಕೆ. ನಾನು ಹೇಳುವ ಆತ್ಮರಕ್ಷಣೆಯೂ ಅಷ್ಟೇ. ಯೂಟ್ಯೂಬಿನಲ್ಲಿ ಟಾರ್ಚಿನ ಹಿಂಭಾಗದಿಂದ ತಲೆಗೆ ಕುಕ್ಕುವುದು, ಕೈ ತಿರುಚುವುದು ಎಲ್ಲ ತೋರಿಸ್ತಾರೆ. ಅದನ್ನು ಮರೆತುಬಿಡಿ. ಹನ್ನೆರಡು ಗಂಟೆ ಕೆಲಸ ಮಾಡಿ ಬಂದವನ ಕೈಯಲ್ಲಿ ಅದೆಲ್ಲ ಆಗುವ ಕೆಲಸ ಅಲ್ಲ, ಆದ್ರೂ ಕಾನೂನಿನ ತೊಂದರೆ ಬೇರೆ. ಅದಕ್ಕೆ ಆಮೇಲೆ ಬರ್ತೇನೆ.

ಬೆಳಕು ಹೇಗೆ ಕೆಲಸ ಮಾಡ್ತದೆ ನೋಡಿ. ನಮ್ಮ ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲಿಕ್ಕೆ 20ರಿಂದ 30 ನಿಮಿಷ ಬೇಕು. ಕತ್ತಲಲ್ಲಿ ಕಾದು ನಿಂತವನ ಕಣ್ಣು ಹಾಗೆ ಒಗ್ಗಿಕೊಂಡಿರ್ತದೆ, ಪಾಪೆ ದೊಡ್ಡದಾಗಿ ತೆರೆದುಕೊಂಡಿರ್ತದೆ. ಅಂಥ ಕಣ್ಣಿಗೆ ಫಕ್ಕನೆ ಜೋರು ಬೆಳಕು ಬಿದ್ರೆ ಅವನು ಮುಖ ತಿರುಗಿಸಲೇಬೇಕು, ಕೈ ಅಡ್ಡ ಹಿಡಿಯಲೇಬೇಕು. ಅದು ಧೈರ್ಯದ ಪ್ರಶ್ನೆ ಅಲ್ಲ, ಶರೀರದ ಗುಣ. ಬೆಳಕು ಆರಿಸಿದ ಮೇಲೂ ಕೆಲವು ಸೆಕೆಂಡು ಅವನ ಕಣ್ಣೆದುರು ಬಿಳಿ ಕಲೆ ಉಳೀತದೆ, ಸರಿಯಾಗಿ ಏನೂ ಕಾಣುವುದಿಲ್ಲ. ನಿಮಗೆ ಸಿಗುವುದು ಆ ಎರಡು, ಮೂರು, ಹೆಚ್ಚೆಂದರೆ ಐದು ಸೆಕೆಂಡು. ಆ ಹೊತ್ತಿನಲ್ಲಿ ಜಾಗ ಖಾಲಿ ಮಾಡಬೇಕು. ನಿಂತು ನೋಡಿದ್ರೆ, ಬೈದ್ರೆ, ಹೊಡೀಲಿಕ್ಕೆ ಹೋದ್ರೆ ಸಿಕ್ಕಿದ ಸಮಯ ವ್ಯರ್ಥ.

ಬೀದಿದೀಪದ ಕೆಳಗೆ ಈ ಉಪಾಯ ಅಷ್ಟು ನಡೆಯುವುದಿಲ್ಲ. ಅಲ್ಲಿ ಅವನ ಕಣ್ಣು ಬೆಳಕಿಗೇ ಒಗ್ಗಿರ್ತದೆ. ಆದ್ರೆ ಬೀದಿದೀಪದ ಕೆಳಗೆ ನಾಲ್ಕು ಜನರಿಗೆ ನೀವು ಕಾಣ್ತೀರಿ, ಅದೇ ನಿಮ್ಮ ರಕ್ಷಣೆ.

ಹಿಡಿಯುವ ರೀತಿ ಹೇಳ್ತೇನೆ. ಪೆನ್ನಿನ ಹಾಗೆ ಬೆರಳ ತುದಿಯಲ್ಲಿ ಹಿಡಿಯಬೇಡಿ. ಸ್ಕೂಟರಿನ ಹ್ಯಾಂಡಲ್ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡೀಬೇಕು, ಹೆಬ್ಬೆರಳು ಹಿಂದಿನ ಸ್ವಿಚ್ಚಿನ ಮೇಲೆ. ಹಾಗಾಗಿ ತೆಗೆದುಕೊಳ್ಳುವಾಗಲೇ ಸ್ವಿಚ್ಚು ಹಿಂಭಾಗದಲ್ಲಿ ಇರುವಂಥದ್ದು ನೋಡಿ. ಕೆಲವದರಲ್ಲಿ ಅರ್ಧ ಒತ್ತಿದ್ರೆ ಉರೀತದೆ, ಬಿಟ್ರೆ ಆರ್ತದೆ. ಅದು ಒಳ್ಳೆಯದು. ಚೀಲ ಎಡಗೈಯಲ್ಲಿದ್ರೆ ಟಾರ್ಚು ಬಲಗೈಯಲ್ಲಿ. ಬ್ಯಾಗಿನ ತಳದಲ್ಲಿ ಟಿಫಿನ್ ಡಬ್ಬದ ಕೆಳಗೆ ಇಟ್ಟ ಟಾರ್ಚು ಇಲ್ಲದ ಟಾರ್ಚಿಗೆ ಸಮ.

ಯಾರಾದರೂ ಸುಮ್ಮನೆ ಎದುರು ಬಂದ್ರೆ ಮುಖಕ್ಕೆ ಬಿಡಬೇಡಿ, ದಯವಿಟ್ಟು. ಅವರೂ ನಮ್ಮ ಹಾಗೆಯೇ ಡ್ಯೂಟಿ ಮುಗಿಸಿ ಬರುವವರು. ಕಾಲಿನ ಹತ್ತಿರ, ನೆಲಕ್ಕೆ ಬಿಡಿ. ಅಷ್ಟರಲ್ಲೇ ಎಷ್ಟು ಜನ, ಕೈಯಲ್ಲಿ ಏನಿದೆ ಅಂತ ಗೊತ್ತಾಗ್ತದೆ. ‘ನನ್ನನ್ನು ಇವನು ನೋಡಿದ’ ಅಂತ ಎದುರಿನವನಿಗೂ ಗೊತ್ತಾಗ್ತದೆ. ಕೆಟ್ಟ ಬುದ್ಧಿ ಇದ್ದವನು ಎಷ್ಟೋ ಸಲ ಅಲ್ಲಿಗೇ ಬಿಡ್ತಾನೆ, ಯಾಕಂದ್ರೆ ಅವನಿಗೆ ಬೇಕಾದದ್ದು ತಲೆ ತಗ್ಗಿಸಿ ಫೋನು ನೋಡ್ತಾ ಬರುವವನು. ಆಮೇಲೂ ಅವನು ದಾರಿ ಅಡ್ಡಗಟ್ಟಿ ಹತ್ತಿರ ಬಂದ್ರೆ ಮಾತ್ರ ಬೆಳಕನ್ನು ಕಣ್ಣಿಗೆ ಎತ್ತಿ. ಒಂದು ಸೆಕೆಂಡು, ಎರಡು ಸೆಕೆಂಡು. ಆರಿಸಿ. ಆರಿಸಿದ ಕೂಡಲೇ ನಿಂತ ಜಾಗದಿಂದ ಪಕ್ಕಕ್ಕೆ ಎರಡು ಹೆಜ್ಜೆ ಸರಿಯಿರಿ, ಯಾಕಂದ್ರೆ ಕಣ್ಣು ಕಾಣದವನು ನುಗ್ಗುವುದು ಕೊನೆಗೆ ಬೆಳಕು ಕಂಡ ಕಡೆಗೇ. ಅಲ್ಲಿಂದ ದೀಪ ಇರುವ ಕಡೆಗೆ ಓಡಿ. ಗ್ರೋಸರಿ, ಕಫೆಟೇರಿಯಾ, ಪೆಟ್ರೋಲ್ ಪಂಪು, ಕ್ಯಾಂಪಿನ ವಾಚ್‌ಮನ್, ಯಾವುದು ಹತ್ತಿರವೋ ಅಲ್ಲಿಗೆ.

ಓಡುವಾಗ ಕೂಗಿ. ಏನಂತ ಕೂಗುವುದು? ‘ಪೊಲೀಸ್’ ಅಂದ್ರೆ ಎಲ್ಲ ಭಾಷೆಯವರಿಗೂ ಅರ್ಥ ಆಗ್ತದೆ. ‘ಹರಾಮಿ’ ಅಂತಲೂ ಕೂಗಬಹುದು. ಹಿಂದಿಯಲ್ಲಿ ಅದು ಬೈಗುಳ, ಆದ್ರೆ ಅರಬಿಯಲ್ಲಿ ಕಳ್ಳ ಅಂತಲೇ ಅರ್ಥ. ಎರಡೂ ಕಡೆಯವರು ತಿರುಗಿ ನೋಡ್ತಾರೆ!

ಚಾಕು ತೋರಿಸಿದ್ರೆ, ಅಥವಾ ಮೂರು ನಾಲ್ಕು ಜನ ಸುತ್ತುವರಿದ್ರೆ? ಪರ್ಸು ಕೊಟ್ಟುಬಿಡಿ. ಕೈಗೆ ಕೊಡುವ ಬದಲು ದೂರಕ್ಕೆ ಎಸೆದು ಇನ್ನೊಂದು ದಿಕ್ಕಿಗೆ ಓಡಿ. ನಾನು ಲೆಕ್ಕದವ, ಒಂದು ಫಿಲ್ಸ್ ತಪ್ಪಿದ್ರೂ ನಿದ್ದೆ ಬರುವುದಿಲ್ಲ. ಆದ್ರೂ ಹೇಳ್ತೇನೆ, ಆ ಲೆಕ್ಕ ಬೇರೆ. 1,100 ದಿರ್ಹಂ ಮುಂದಿನ ತಿಂಗಳೋ ಅದರಾಚೆ ತಿಂಗಳೋ ಸರಿಹೋಗ್ತದೆ. ಪೆಟ್ಟು ತಿಂದು ಆರು ತಿಂಗಳು ಮಲಗಿದವನ ಲೆಕ್ಕ ಯಾವ ಪುಸ್ತಕದಲ್ಲೂ ಸರಿಹೋಗುವುದಿಲ್ಲ.

ಇನ್ನು ಕಾನೂನು. ಯುಎಇಯ ಅಪರಾಧ ಕಾನೂನು, ಅಂದ್ರೆ 2021ರ 31ನೇ ಸಂಖ್ಯೆಯದ್ದು, ಆತ್ಮರಕ್ಷಣೆಯ ಹಕ್ಕನ್ನು ಒಪ್ಪುತ್ತದೆ. ಆದ್ರೆ ಷರತ್ತುಗಳಿವೆ. ಅಪಾಯ ಆಗಲೇ ಎದುರಿಗೆ ಇರಬೇಕು. ಪೊಲೀಸರನ್ನು ಕರೆಯಲಿಕ್ಕೆ ಸಮಯ ಇರಬಾರದು. ತಪ್ಪಿಸಿಕೊಳ್ಳಲಿಕ್ಕೆ ಬೇರೆ ದಾರಿ ಇರಬಾರದು. ನೀವು ಬಳಸಿದ ಬಲ ಅಪಾಯಕ್ಕೆ ತಕ್ಕಷ್ಟೇ ಇರಬೇಕು. ಕಣ್ಣಿಗೆ ಬೆಳಕು ಬಿಟ್ಟು ಓಡಿದವನಿಗೆ ಇದರಲ್ಲಿ ತೊಡಕಿಲ್ಲ. ಕಳ್ಳ ಬೆನ್ನು ತಿರುಗಿಸಿ ಓಡುವಾಗ ಅಟ್ಟಿಸಿಕೊಂಡು ಹೋಗಿ ಟಾರ್ಚಿನಿಂದ ತಲೆ ಒಡೆದ್ರೆ ಆಗ ನೀವೇ ಆರೋಪಿ. ಸಿಟ್ಟು ಬರ್ತದೆ, ನನಗೆ ಗೊತ್ತು. ಆದ್ರೆ ಕೇಸು ಬಿದ್ದು ಊರಿಗೆ ಹೋಗಲಿಕ್ಕಾಗದೆ ಕೂತವನ ಮನೆಯಲ್ಲಿ ಏನಾಗ್ತದೆ ಅಂತ ಯೋಚಿಸಿ.

ಇದೇ ಕಾರಣಕ್ಕೆ ಕೆಲವು ಸಾಮಾನು ಬೇಡವೇ ಬೇಡ. ಊರಿನಿಂದ ಬರುವವರು ಕೆಲವೊಮ್ಮೆ ಟಾರ್ಚಿನ ಒಳಗೇ ಕರೆಂಟ್ ಶಾಕ್ ಕೊಡುವ ಯಂತ್ರ ಇರುವಂಥದ್ದು, ಮೆಣಸಿನ ಸ್ಪ್ರೇ ಎಲ್ಲ ತರ್ತಾರೆ. ಅಲ್ಲಿ ಆನ್‌ಲೈನಿನಲ್ಲಿ ಸುಲಭವಾಗಿ ಸಿಗ್ತದೆ ಅಂತ ಇಲ್ಲಿ ತಂದ್ರೆ ಏರ್‌ಪೋರ್ಟಿನಲ್ಲೇ ಸಿಕ್ಕಿಬೀಳ್ತೀರಿ. ಕೆಂಪು ಲೇಸರ್ ಪೆನ್ ಕೂಡ ದುಬೈ ಕಸ್ಟಮ್ಸಿನ ನಿಷೇಧದ ಪಟ್ಟಿಯಲ್ಲಿದೆ. ಬಾಯಿಯ ಸುತ್ತ ಹಲ್ಲಿನ ಹಾಗೆ ಚೂಪು ಮಾಡಿದ ಟಾರ್ಚನ್ನೂ ಬಿಟ್ಟುಬಿಡಿ. ಪೊಲೀಸರು ಕೇಳಿದಾಗ ‘ದಾರಿ ನೋಡಲಿಕ್ಕೆ ಸಾರ್’ ಅನ್ನುವ ಮಾತು ನಿಜ ಅಂತ ಕಾಣಬೇಕಾದ್ರೆ ಟಾರ್ಚು ಟಾರ್ಚಿನ ಹಾಗೇ ಇರಬೇಕು.

ಬೆಳಕು ಬಿಡಬಾರದ ಕಡೆಗಳೂ ಇವೆ. ಗಾಡಿ ಓಡಿಸುವವರ ಮುಖಕ್ಕೆ ಬಿಡಬಾರದು. ಮನೆಗಳ ಕಿಟಕಿಗೆ, ಹೆಂಗಸರು ಇರುವ ಕಡೆಗೆ ಬಿಡಬಾರದು, ಇಲ್ಲಿ ಅದನ್ನು ಬಹಳ ಗಂಭೀರವಾಗಿ ತಗೊಳ್ತಾರೆ. ಪೊಲೀಸ್ ಗಾಡಿಗಂತೂ ಬಿಡಲೇಬಾರದು. ಮಾಮೂಲು ಬಟ್ಟೆಯಲ್ಲಿ ಬಂದು ‘ಸಿಐಡಿ, ಪರ್ಸು ತೋರಿಸು’ ಅನ್ನುವವರು ಸಿಕ್ಕಿದ್ರೆ? ನಿಜವಾದ ಸಿಐಡಿಗಳೂ ಹಾಗೆ ಬರ್ತಾರೆ, ಮೋಸಗಾರರೂ ಬರ್ತಾರೆ. ಬೆಳಕನ್ನು ಮುಖಕ್ಕೆ ಬಿಡದೆ, ಮರ್ಯಾದೆಯಿಂದ ಅವರ ಐಡಿ ಕೇಳಿ, ಆ ಕಾರ್ಡಿನ ಮೇಲೆ ಟಾರ್ಚು ಹಿಡಿದು ಓದಿ. ನಿಜವಾದವರು ತೋರಿಸ್ತಾರೆ. ಪರ್ಸು ಕೈಗೆ ಕೊಡಬೇಡಿ, ಪತಾಕಾ ಮಾತ್ರ ತೆಗೆದು ತೋರಿಸಿ. ಇನ್ನೊಂದು, ಗಲಾಟೆಯ ವೀಡಿಯೊ ತೆಗೆದು ವಾಟ್ಸಾಪಿನಲ್ಲಿ ಹಂಚುವ ಚಟ ಇದ್ದವರು ಇದ್ದಾರೆ. ಇಲ್ಲಿ ಅದು ಅಪರಾಧ. ವೀಡಿಯೊ ಇದ್ರೆ ಪೊಲೀಸರಿಗೆ ಮಾತ್ರ ತೋರಿಸಿ.

ತುರ್ತಿಗೆ ಪೊಲೀಸ್ ನಂಬರು 999, ಆಂಬುಲೆನ್ಸಿಗೆ 998. ತುರ್ತಲ್ಲದ ದೂರಿಗೆ ದುಬೈ ಪೊಲೀಸರದ್ದು 901. ಕರೆ ಮಾಡಿದ್ರೆ ಮೊದಲು ಕೇಳುವುದು ‘ಎಲ್ಲಿದ್ದೀರಿ’ ಅಂತ. ‘ಕ್ಯಾಂಪಿನ ಹಿಂದೆ, ಮಸೀದಿಯ ಪಕ್ಕ’ ಅಂದ್ರೆ ಸೋನಾಪುರದಲ್ಲಿ ಯಾವ ಕ್ಯಾಂಪು, ಯಾವ ಮಸೀದಿ ಮಾರಾಯ್ರೆ? ದುಬೈಯ ಕಟ್ಟಡಗಳ ಬಾಗಿಲ ಹತ್ತಿರ ‘ಮಕಾನಿ’ ಅಂತ ಹತ್ತು ಅಂಕೆಯ ಒಂದು ನಂಬರಿನ ಫಲಕ ಇರ್ತದೆ, ನೋಡಿರಬಹುದು. ಆ ಹತ್ತು ಅಂಕೆ ಹೇಳಿದ್ರೆ ಗಾಡಿ ನೇರ ಆ ಬಾಗಿಲಿಗೇ ಬರ್ತದೆ. ರಾತ್ರಿ ಅದನ್ನು ಓದಲಿಕ್ಕೂ ಟಾರ್ಚು ಬೇಕು. ಇವತ್ತು ಹೋಗಿ ನಿಮ್ಮ ಕ್ಯಾಂಪಿನ ಮಕಾನಿ ನಂಬರು ಚೀಟಿಯಲ್ಲಿ ಬರೆದು, ಅದರ ಕೆಳಗೆ ರೂಮಿನವರ ಇಬ್ಬರ ನಂಬರು ಬರೆದು, ಟಾರ್ಚಿನ ಮೈಗೆ ಸೆಲ್ಲೋಟೇಪಿನಲ್ಲಿ ಅಂಟಿಸಿ. ರಾಯಚೂರಿನ ಹುಡುಗ ಈಗ ಹಾಗೆಯೇ ಮಾಡಿಕೊಂಡಿದ್ದಾನೆ.

ಕಳೆದುಕೊಂಡವರು ದೂರು ಕೊಡಲಿಕ್ಕೆ ಹೆದರುವುದು ಬೇಡ. ಎಮಿರೇಟ್ಸ್ ಐಡಿ ಕಳೆದ್ರೆ ಹೊಸದಕ್ಕೆ 300 ದಿರ್ಹಂ, ಮೇಲೆ ಅರ್ಜಿ ಟೈಪಿಂಗಿನ ಖರ್ಚು. ನಿಮ್ಮ ಐಡಿ, ಸಿಮ್ಮು ಬೇರೆಯವರ ಕೈಯಲ್ಲಿ ಇದ್ದು ಅದರಿಂದ ಏನಾದರೂ ಕೆಲಸ ಆದ್ರೆ ಹೆಸರು ನಿಮ್ಮದೇ ಬರ್ತದೆ. ಹಾಗಾಗಿ ಅದೇ ರಾತ್ರಿ ಸಿಮ್ ಬಂದ್ ಮಾಡಿಸಿ, ಬ್ಯಾಂಕಿಗೆ ಹೇಳಿ, ದೂರು ಕೊಡಿ. ಭಾಷೆಯ ತೊಂದರೆ ಆದ್ರೆ, ಯಾರನ್ನು ಕೇಳಬೇಕು ಗೊತ್ತಾಗದಿದ್ರೆ ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ, 800 46342, ಕರೆ ಉಚಿತ.

ಕೊಳ್ಳುವ ವಿಷಯಕ್ಕೆ ಬರೋಣ, ಇದು ನನ್ನ ಸ್ವಂತ ಇಲಾಖೆ. ಅಂಗಡಿಯಲ್ಲಿ ಹತ್ತು ದಿರ್ಹಂನ ಟಾರ್ಚಿನ ಡಬ್ಬದ ಮೇಲೆ ‘1,00,000 ಲೂಮೆನ್’ ಅಂತ ಬರೆದಿರ್ತದೆ. ಕಳ್ಳಬಿಲ್ ನೋಡಿ ನೋಡಿ ಅಭ್ಯಾಸ ಆದ ನನಗೆ ನಗು ಬರ್ತದೆ. ನಮಗೆ ಬೇಕಾದದ್ದು ನಿಜವಾದ 200, 300 ಲೂಮೆನ್, ಅಷ್ಟೇ. ಅದು ಕತ್ತಲಿಗೆ ಒಗ್ಗಿದ ಕಣ್ಣಿಗೆ ಧಾರಾಳ ಸಾಕು. ಡಬ್ಬದ ಮೇಲೆ ‘ಎಫ್‌ಎಲ್ 1’ ಅಂತ ಗುರುತು ಇದ್ರೆ ಅದು ಒಂದು ಅಳತೆಯ ಪದ್ಧತಿ, ಸ್ವಲ್ಪ ನಂಬಬಹುದು. ಆದ್ರೂ ಅಲ್ಲಿ ಬರೆದ ‘ಇಷ್ಟು ಗಂಟೆ ಉರೀತದೆ’ ಅನ್ನುವುದು ಬೆಳಕು ಮೊದಲಿನ ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗಿನ ಲೆಕ್ಕ, ಪೂರ್ತಿ ಬೆಳಕಿನ ಲೆಕ್ಕ ಅಲ್ಲ.

ಬ್ಯಾಟರಿಯಲ್ಲೂ ಮೋಸ ಇದೆ. 18650 ಅಂತ ಒಂದು ಲಿಥಿಯಂ ಸೆಲ್ ಬರ್ತದೆ, 18 ಮಿಲಿಮೀಟರ್ ದಪ್ಪ, 65 ಉದ್ದ, ಅದಕ್ಕೇ ಆ ಹೆಸರು. ಒಳ್ಳೇ ಕಂಪನಿಯದ್ದರಲ್ಲಿ ಸುಮಾರು 3,500 ಎಂಎಎಚ್‌ವರೆಗೆ ಇರ್ತದೆ. ಅಷ್ಟೇ ಗಾತ್ರದ್ದರ ಮೇಲೆ 9,900 ಅಂತ ಬರೆದಿದ್ರೆ ಮುಟ್ಟಬೇಡಿ, ಅದು ಸುಳ್ಳು. ರೂಮಿನಲ್ಲಿ ಎಂಟು ಜನ ಮಲಗುವ ಕಡೆ ಸುಳ್ಳು ಬ್ಯಾಟರಿ ಚಾರ್ಜಿಗೆ ಹಾಕಿ ದಿಂಬಿನ ಕೆಳಗೆ ಇಟ್ರೆ ಕಳ್ಳನಿಗಿಂತ ದೊಡ್ಡ ಅಪಾಯ ಅದೇ. ಇದೆಲ್ಲ ತಲೆಬಿಸಿ ಬೇಡ ಅನ್ನುವವರು ಮಾಮೂಲು ಪೆನ್ಸಿಲ್ ಸೆಲ್ ಹಾಕುವ ಟಾರ್ಚು ತಗೊಳ್ಳಿ, ಸೆಲ್ಲು ಯಾವ ಗ್ರೋಸರಿಯಲ್ಲೂ ಸಿಗ್ತದೆ. ನನ್ನ ಮಟ್ಟಿಗೆ ಅದೇ ವಾಸಿ. ಬೇಸಿಗೆಯಲ್ಲಿ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟುಹೋಗಬೇಡಿ. ಊರಿಗೆ ಹೋಗುವಾಗ ಲಿಥಿಯಂ ಸೆಲ್ಲನ್ನು ಚೆಕ್‌ಇನ್ ಲಗೇಜಿಗೆ ಹಾಕಬಾರದು, ಕೈಚೀಲದಲ್ಲೇ ಇರಬೇಕು.

ಮಿಣಿಮಿಣಿ ಮಿನುಗುವ ಮೋಡ್ ಇರ್ತದಲ್ಲ, ಅದನ್ನು ಬಹಳ ಹೊಗಳಿ ಮಾರ್ತಾರೆ. ಗಾಬರಿಯಲ್ಲಿ ಸ್ವಿಚ್ಚು ನಾಲ್ಕು ಸಲ ಒತ್ತಿ ಆ ಮೋಡ್ ಹುಡುಕುವಷ್ಟರಲ್ಲಿ ಕೆಲಸ ಕೆಟ್ಟಿರ್ತದೆ. ಅದು ನಿಮ್ಮ ಕಣ್ಣಿಗೂ ಗಲಿಬಿಲಿಯೇ. ಒಂದು ಸಲ ಒತ್ತಿದ್ರೆ ಪೂರ್ತಿ ಬೆಳಕು ಬರಬೇಕು, ಅಷ್ಟೇ ಸಾಕು.

ಚಳಿಗಾಲದ ಬೆಳಗಿನ ಜಾವ ಇಲ್ಲಿ ಮಂಜು ಬೀಳ್ತದೆ, ನಾಲ್ಕು ಗಂಟೆಗೆ ಬಸ್ಸು ಹಿಡಿಯುವವರಿಗೆ ಗೊತ್ತು. ಆಗ ಟಾರ್ಚನ್ನು ಕಣ್ಣಿನ ಎತ್ತರದಲ್ಲಿ ಹಿಡಿದ್ರೆ ಎದುರಿಗೆ ಬರೀ ಬಿಳಿ ಗೋಡೆ ಕಾಣ್ತದೆ. ಸೊಂಟದಿಂದ ಕೆಳಗೆ, ನೆಲಕ್ಕೆ ಹಿಡಿಯಿರಿ. ಮರಳು ಗಾಳಿ ಇದ್ದಾಗಲೂ ಹಾಗೆಯೇ.

ನಿಜ ಹೇಳಬೇಕಂದ್ರೆ ನಮ್ಮವರಿಗೆ ಕಳ್ಳರಿಗಿಂತ ಗಾಡಿಗಳ ಭಯ ಹೆಚ್ಚು ಇರಬೇಕು. ಕಪ್ಪು ಬಟ್ಟೆ ಹಾಕಿಕೊಂಡು ರಸ್ತೆ ಬದಿಯಲ್ಲಿ ನಡೆಯುವವನು ಗಾಡಿಯವನಿಗೆ ಕಾಣುವುದೇ ತೀರ ಹತ್ತಿರ ಬಂದ ಮೇಲೆ. ಟಾರ್ಚನ್ನು ಉರಿಸಿ, ಬೆಳಕು ನೆಲಕ್ಕೆ ಬೀಳುವ ಹಾಗೆ ಹಿಡಿದು ಕೈ ಬೀಸಿ ನಡೆದ್ರೆ ಅಲುಗಾಡುವ ಬೆಳಕು ದೂರದಿಂದಲೇ ಕಾಣ್ತದೆ. ಸೈಟಿನ ರಿಫ್ಲೆಕ್ಟರ್ ಜಾಕೆಟನ್ನು ಬಸ್ಸಿನಲ್ಲೇ ಬಿಚ್ಚಿ ಚೀಲಕ್ಕೆ ತುರುಕುವ ಬದಲು ರೂಮು ಮುಟ್ಟುವವರೆಗೆ ಹಾಕಿಕೊಳ್ಳಿ. ಟಾರ್ಚು ಇದೆ ಅಂತ ಹೈವೇ ದಾಟಲಿಕ್ಕೆ ಹೊರಡಬೇಡಿ. ಜೀಬ್ರಾ, ಸೇತುವೆ ಬಿಟ್ಟು ಅಡ್ಡ ದಾಟಿದ್ರೆ 400 ದಿರ್ಹಂ ದಂಡ. ಗಾಡಿಗಳ ವೇಗ 80 ಕಿಲೋಮೀಟರಿಗೆ ಮೇಲಿರುವ ರಸ್ತೆಗೆ 2025ರಿಂದ ಇನ್ನೂ ಕಠಿಣ ಕಾನೂನು ಬಂದಿದೆ, ಜೈಲಿನವರೆಗೂ ಹೋಗ್ತದೆ.

(ಸಭೆಯಲ್ಲಿ ಕ್ಲೀನಿಂಗ್ ಕೆಲಸದ ಸಹೋದರಿಯೊಬ್ಬರು ಕೇಳಿದ ಪ್ರಶ್ನೆ: ರಾತ್ರಿ ಹನ್ನೊಂದಕ್ಕೆ ಬೇಸ್‌ಮೆಂಟ್ ಪಾರ್ಕಿಂಗಿನಿಂದ ಒಬ್ಬಳೇ ಬರಬೇಕು. ಹಿಂದಿನಿಂದ ಯಾರಾದರೂ ಹಿಡಿದ್ರೆ ಟಾರ್ಚು ಏನು ಮಾಡ್ತದೆ?)

ಅಕ್ಕ, ಹಿಂದಿನಿಂದ ಹಿಡಿದ ಮೇಲೆ ಟಾರ್ಚು ಏನೂ ಮಾಡುವುದಿಲ್ಲ. ಸುಳ್ಳು ಧೈರ್ಯ ಹೇಳುವುದಿಲ್ಲ ನಾನು. ಆಗ ಕಿರುಚಬೇಕು, ಕೊಸರಾಡಬೇಕು, ಹೇಗಾದರೂ ಬಿಡಿಸಿಕೊಳ್ಳಬೇಕು. ಟಾರ್ಚು ಕೆಲಸ ಮಾಡುವುದು ಅದಕ್ಕಿಂತ ಮೊದಲು. ಲಿಫ್ಟಿನಿಂದ ಹೊರಗೆ ಕಾಲಿಡುವ ಮೊದಲು ಕಂಬಗಳ ಹಿಂದೆ, ಮೆಟ್ಟಿಲ ಕೆಳಗೆ, ಗಾಡಿಗಳ ನಡುವೆ ಒಂದು ಸಲ ಬೆಳಕು ಆಡಿಸಿ. ಯಾರಾದರೂ ಕಂಡ್ರೆ ಲಿಫ್ಟಿನಲ್ಲೇ ಮೇಲೆ ಹೋಗಿ ಸೆಕ್ಯುರಿಟಿಯನ್ನು ಕರೆಯಿರಿ. ಆದ್ರೆ ಇದಕ್ಕಿಂತ ಮುಖ್ಯವಾದ್ದು, ದೀಪ ಕೆಟ್ಟಿದ್ರೆ ಸೂಪರ್‌ವೈಸರಿಗೆ ವಾಟ್ಸಾಪಿನಲ್ಲಿ ಬರೆದು ಹಾಕಿ, ಬಾಯಲ್ಲಿ ಹೇಳಿ ಬಿಡಬೇಡಿ. ಬರೆದದ್ದಕ್ಕೆ ದಿನಾಂಕ ಇರ್ತದೆ. ಎರಡು ಸಲ ಬರೆದೂ ಸರಿ ಮಾಡದಿದ್ರೆ ಆ ಮೆಸೇಜು ವೇದಿಕೆಗೆ ಕಳಿಸಿ, ನಾವು ಕಂಪನಿಯ ಜೊತೆ ಮಾತಾಡ್ತೇವೆ. ಅಲ್ಲಿ ದೀಪ ಹಾಕಿಸುವುದು ಅವರ ಕೆಲಸ, ನಿಮ್ಮ ಟಾರ್ಚಿನದ್ದಲ್ಲ.

ಹಿಂದಿನ ಮೇಜಿನ ಮೇಲೆ ಮೂರು ಥರದ ಟಾರ್ಚು ಇಟ್ಟಿದ್ದೇವೆ, ಬೆಲೆ ಚೀಟಿಯಲ್ಲಿ ಬರೆದಿದೆ. ಮಾರಾಟಕ್ಕೆ ಅಲ್ಲ, ನೋಡಲಿಕ್ಕೆ. ಈಗ ಐದು ನಿಮಿಷ ಹಾಲಿನ ಲೈಟು ಆರಿಸ್ತಾರೆ. ಒಬ್ಬೊಬ್ಬರಾಗಿ ಬಂದು ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಒತ್ತಿ, ಆ ಗೋಡೆಗೆ ಬಿಟ್ಟು ನೋಡಿ. ಗೋಡೆಗೆ ಅಂದೆ, ಪಕ್ಕದವರ ಮುಖಕ್ಕಲ್ಲ.